ತಿಗಣೆ ಅನುಮಾನ ಇದ್ದರೆ ಮೊದಲು ಹೊಲಿಗೆ ನೋಡಿ, ಆಮೇಲೆ ಸ್ಪ್ರೇ

ಮೈಮೇಲಿನ ಗುಳ್ಳೆ ನೋಡಿ ತಿಗಣೆ ಅಂತ ತೀರ್ಮಾನಿಸಬೇಡಿ, ಸೊಳ್ಳೆ ಕಚ್ಚಿದರೂ ಹಾಗೇ ಕಾಣುತ್ತೆ. ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಅಗಲಿಸಿ. ಶಾಯಿ ಚುಕ್ಕೆಯಂಥ ಕಲೆ ಇದ್ದರೆ ಒದ್ದೆ ಬಟ್ಟೆ ಒತ್ತಿ. ಕೆಂಗಂದಾಗಿ ಹರಡಿದರೆ ಅದು ತಿಗಣೆ ಹಿಕ್ಕೆಯೇ. ಮಂಚದ ಕೀಲು, ಸ್ಕ್ರೂ ತೂತುಗಳಲ್ಲಿ ಹಳೇ ಎಟಿಎಂ ಕಾರ್ಡ್ ಎಳೆದರೆ ಅಡಗಿರೋದು ಹೊರಬರುತ್ತೆ.

ಹೊದಿಕೆ, ದಿಂಬಿನ ಕವರನ್ನು ಕೋಣೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ, 60 ಡಿಗ್ರಿ ನೀರಲ್ಲಿ ಒಗೆಯಿರಿ. ತಣ್ಣೀರಲ್ಲಿ ಒಗೆದರೆ ಮೊಟ್ಟೆ ಉಳಿಯುತ್ತೆ. ಹಾಸಿಗೆಯನ್ನು ಬರೀ ಬಿಸಿಲಿಗೆ ಹಾಕಿದರೂ ಸಾಲದು, ತಿಗಣೆ ನೆರಳಿನ ಮಗ್ಗುಲಿಗೆ ಸರಿದುಬಿಡುತ್ತೆ. ಕಬ್ಬಿಣದ ಮಂಚವನ್ನು ಹೊರಗಿಟ್ಟು ಕೀಲುಗಳಿಗೆ ಕುದಿಯುವ ನೀರು ಸುರಿಯಿರಿ. ಮರದ್ದಾದರೆ ಸ್ಟೀಮರ್ ಮೂತಿಯನ್ನು ಸಂದಿನ ಮೇಲೆ ತೀರಾ ನಿಧಾನವಾಗಿ ಸರಿಸಿ.

ಒಂದೇ ಸಲ ಸ್ಪ್ರೇ ಹೊಡೆದು ಬಿಡೋದರಿಂದಲೇ ಹೆಚ್ಚಿನವರ ಮನೇಲಿ ಮತ್ತೆ ಬರೋದು. ಔಷಧ ತಾಗದೆ ಉಳಿದ ಮೊಟ್ಟೆ 6ರಿಂದ 10 ದಿನಕ್ಕೆ ಒಡೆಯುತ್ತೆ, ಹಾಗಾಗಿ ಎರಡು ವಾರದೊಳಗೆ ಇನ್ನೊಂದು ಸುತ್ತು ಮಾಡಲೇಬೇಕು. ಸೀಮೆಎಣ್ಣೆ ಮಾತ್ರ ದಯವಿಟ್ಟು ಬೇಡ, ಬೆಂಕಿ ಹತ್ತುತ್ತೆ.

ಕಾಟ ತಾಳದೆ ಹಾಲ್‌ಗೆ ಹೋಗಿ ಮಲಗಬೇಡಿ. ಸೋಫಾಕ್ಕೂ ಹಬ್ಬುತ್ತೆ.