ಹಳೇ ಸೈಕಲ್ಲಿಗೆ ಹೊಸ ಕ್ರ್ಯಾಂಕ್: ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ತುಳಿಯುವಾಗ ಪ್ರತಿ ಸುತ್ತಿಗೂ ಒಂದು ಸಲ 'ಟಕ್' ಅನ್ನುತ್ತದೆ. ಎಣ್ಣೆ ಬಿಟ್ಟರೂ ನಿಲ್ಲುವುದಿಲ್ಲ. ಅಜ್ಜನ ಕಾಲದ ರ‍್ಯಾಲಿ, ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ಪೆಡಲ್ ಕೂರುವ ತೋಳಿಗೆ ಕ್ರ್ಯಾಂಕ್ ಅನ್ನುತ್ತಾರೆ. ಅದನ್ನು ಎರಡು ಕ್ರ್ಯಾಂಕುಗಳ ನಡುವಿನ ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ ಸವೆದಾಗ ಹೀಗಾಗುತ್ತದೆ.

ಪಿನ್ ಮಾತ್ರ ಸವೆದಿದ್ದರೆ ಹೊಸ ಪಿನ್ ಸಾಕು. ಅಂಗಡಿಗೆ ಹಳೆಯದನ್ನೂ ಒಯ್ಯಿರಿ. 9 ಮಿ.ಮೀ. ಮತ್ತು 9.5 ಮಿ.ಮೀ. ಎರಡೂ ಇವೆ, ಬರೀ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರ‍್ಯಾಲಿಯ ಚೈನ್ ವೀಲಿನಲ್ಲಿ ಬಕಪಕ್ಷಿಯ ತಲೆಯ ಆಕಾರ ಕತ್ತರಿಸಿರುತ್ತಾರೆ. ಅಂಥದ್ದು ಚೆನ್ನಾಗಿದ್ದರೆ ದಯವಿಟ್ಟು ಬದಲಿಸಬೇಡಿ. ಅಷ್ಟು ಚೆಂದದ ಚೈನ್ ವೀಲ್ ಈಗ ಯಾರೂ ಮಾಡುವುದಿಲ್ಲ. ಆಕ್ಸಲ್ಲಿನಲ್ಲಿ ಬೇರಿಂಗ್ ಗುಂಡುಗಳು ಓಡುವ ಜಾಗ ಗುಳಿ ಬಿದ್ದಿದ್ದರೆ, ಕ್ರ್ಯಾಂಕಿನ ತೂತು ಸವೆದು ದೊಡ್ಡದಾಗಿದ್ದರೆ, ಆಗ ಹೊಸ ಸೆಟ್ ಹಾಕುವುದು ಸರಿ.

ನಾನು ಪಾಲಿಸುವುದು ಒಂದೇ ನಿಯಮ. ಹೊಸ ಭಾಗ ಫ್ರೇಮಿಗೆ ಹೊಂದಬೇಕು. ಹೊಸ ಭಾಗಕ್ಕಾಗಿ ಫ್ರೇಮನ್ನು ಕೊಯ್ಯಬಾರದು, ಹೊಸ ತ್ರೆಡ್ ಕೊರೆಯಬಾರದು.

ಮೊದಲು ಬಿಚ್ಚೋಣ

ಕಾಟರ್ ಪಿನ್ನಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ತೆಗೆಯಬೇಡಿ. ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಪೈಪ್ ನಿಲ್ಲಿಸಿ, ಪಿನ್ನಿನ ತಲೆ ಪೈಪಿನೊಳಗೆ ಇಳಿಯುವಂತಿರಲಿ. ಆಮೇಲೆ ಭಾರದ ಸುತ್ತಿಗೆಯಿಂದ ಒಂದೇ ಜೋರಾದ ಏಟು. ಹತ್ತು ಸಣ್ಣ ಏಟು ಹೊಡೆದರೆ ಪಿನ್ ಬಾಗುತ್ತದೆ, ಅಷ್ಟೇ. ನಾನು ಮೊದಲ ಸಲ ನಟ್ಟು ತೆಗೆದು ಬಡಿದಿದ್ದೆ. ಪಿನ್ನಿನ ತುದಿ ಅಣಬೆಯಂತೆ ಅರಳಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಇಡೀ ಭಾನುವಾರ ಬೇಕಾಯಿತು.

ಆಕ್ಸಲ್ಲಿನ ಗುಂಡುಗಳನ್ನು ಎರಡೂ ಬದಿಯಿಂದ ಹಿಡಿದಿಡುವ, ಫ್ರೇಮಿಗೆ ತಿರುಗಿಸಿ ಕೂರಿಸಿದ ಬಟ್ಟಲುಗಳೇ ಕಪ್. ಎಡಗಡೆಯ ಕಪ್ ಸುಲಭ. ಹೊರಗಿನ ಲಾಕ್ ರಿಂಗ್ ಸಡಿಲಿಸಿದರೆ ಮಾಮೂಲಿನಂತೆ ಬಿಚ್ಚಿಕೊಳ್ಳುತ್ತದೆ. ಚೈನ್ ಇರುವ ಬಲಗಡೆಯಲ್ಲೇ ಎಡವುವುದು. ಬ್ರಿಟಿಷ್ ಮಾದರಿಯಲ್ಲಿ ಆ ಕಪ್ಪಿಗೆ ಉಲ್ಟಾ ತ್ರೆಡ್. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಸ್ಪ್ಯಾನರ್ ಜಾರುತ್ತಿದ್ದರೆ ಒಂದು ದಪ್ಪ ಬೋಲ್ಟ್ ತನ್ನಿ. ಹೊರಗಿನಿಂದ ಕಪ್ಪಿನ ತೂತಿಗೆ ತೂರಿಸಿ, ಎರಡೂ ಬದಿಗೆ ವಾಷರ್ ಇಟ್ಟು, ಒಳಗೆ ನಟ್ ಹಾಕಿ. ಈಗ ಬೋಲ್ಟನ್ನು ಬಿಗಿಮಾಡುತ್ತಾ ಹೋಗಿ. ಬೋಲ್ಟ್ ಬಿಗಿಯುವ ದಿಕ್ಕೂ ಕಪ್ ಬಿಚ್ಚುವ ದಿಕ್ಕೂ ಒಂದೇ. ಬಿಗಿದಷ್ಟೂ ಹಿಡಿತ ಹೆಚ್ಚುತ್ತದೆ, ಕೊನೆಗೆ ಕಪ್ಪೇ ತಿರುಗುತ್ತದೆ. ಇದು ಕೈಕೊಟ್ಟಿದ್ದನ್ನು ನಾನು ನೋಡಿಲ್ಲ.

ಅಳತೆ

ಕಪ್‌ಗಳು ಕೂರುವ ಅಡ್ಡ ಕೊಳವೆಗೆ ಬಿ.ಬಿ. ಶೆಲ್ ಅನ್ನುತ್ತಾರೆ. ಬಿ.ಬಿ. ಅಂದರೆ ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಆಕ್ಸಲ್ಲೂ ಅದರ ಬೇರಿಂಗೂ ಸೇರಿದ ಭಾಗ. ವರ್ನಿಯರ್ ಹಿಡಿದು ಅದರ ಅಗಲ ನೋಡಿ. 68 ಮಿ.ಮೀ. ಬಂದರೆ ಹೆಚ್ಚಾಗಿ ಬ್ರಿಟಿಷ್ ಮಾದರಿ: ಕಪ್ 1.37 ಇಂಚು ದಪ್ಪ, ಇಂಚಿಗೆ 24 ತ್ರೆಡ್. ಇಂದಿನ ಎಷ್ಟೋ ಸೈಕಲ್ಲುಗಳಲ್ಲೂ ಅದೇ ಇದೆ. 71 ಅಥವಾ 76 ಬಂದರೆ ಸ್ವಲ್ಪ ತಡೆಯಿರಿ. ಅದು ರ‍್ಯಾಲಿಯವರ ಸ್ವಂತ ಅಳತೆ ಇರಬಹುದು, ಇಂಚಿಗೆ 26 ತ್ರೆಡ್. 24ರ ಕಪ್ ಅದಕ್ಕೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದಿರೋ ಶೆಲ್ಲಿನ ತ್ರೆಡ್ ಹಾಳು.

ಹೆಸರು ನೋಡಿ ಅಳತೆ ಊಹಿಸಬೇಡಿ. ನಾಟಿಂಗ್‌ಹ್ಯಾಮಿನ ರ‍್ಯಾಲಿಯೂ ನಮ್ಮಲ್ಲಿದೆ, ಅಸನ್‌ಸೋಲಿನಲ್ಲಿ ತಯಾರಾದ ಸೇನ್-ರ‍್ಯಾಲಿಯೂ ಇದೆ. ಹರ್ಕ್ಯುಲಿಸ್ ಇಂಗ್ಲೆಂಡಿನದೂ ಇರಬಹುದು, ಮದ್ರಾಸಿನ ಟಿ.ಐ. ಸೈಕಲ್ಸ್‌ನದೂ ಇರಬಹುದು. ತ್ರೆಡ್ ಎಷ್ಟು ಒತ್ತಾಗಿದೆ ಎಂದು ತೋರಿಸುವ ತ್ರೆಡ್ ಗೇಜ್ ಒಂದನ್ನು ಹಳೇ ಕಪ್ಪಿನ ಮೇಲಿಟ್ಟರೆ ಕ್ಷಣದಲ್ಲಿ ತಿಳಿಯುತ್ತದೆ. ಹಳೇ ಫ್ರೆಂಚ್ ರೇಸಿಂಗ್ ಸೈಕಲ್ ಇರುವವರಂತೂ ಗೇಜ್ ಬಿಡಲೇಬಾರದು. ಅದರ ಶೆಲ್ ಕೂಡ 68 ಮಿ.ಮೀ. ಕಪ್ 35 ಮಿ.ಮೀ. ದಪ್ಪ, ಬ್ರಿಟಿಷ್ ಕಪ್ 34.8. ಆದರೆ ತ್ರೆಡ್ಡುಗಳ ನಡುವೆ 1 ಮಿ.ಮೀ. ಅಂತರ, ಸಾಮಾನ್ಯವಾಗಿ ಎರಡೂ ಕಡೆ ಮಾಮೂಲಿ ದಿಕ್ಕು. ಇಟಾಲಿಯನ್ನಿನದು 70 ಮಿ.ಮೀ. ಶೆಲ್, 36 ಮಿ.ಮೀ. ಕಪ್.

ಏನು ಹಾಕಬೇಕು?

24ರ ತ್ರೆಡ್ ಇದ್ದರೆ ಚೌಕ ತುದಿಯ ಆಕ್ಸಲ್ ಇರುವ ಸೀಲ್ಡ್ ಕಾರ್ಟ್ರಿಜ್ ತನ್ನಿ, ಅಂದರೆ ಆಕ್ಸಲ್ಲೂ ಬೇರಿಂಗೂ ಒಳಗೇ ಮುಚ್ಚಿರುವ ಒಂದೇ ತುಂಡು. ಗುಂಡು, ಗ್ರೀಸಿನ ಗೋಜಿಲ್ಲ.

26ರ ತ್ರೆಡ್ಡಿಗೆ ಎರಡು ದಾರಿ. ಹಳೇ ಕಪ್‌ಗಳ ಒಳಗು ನುಣುಪಾಗಿದ್ದರೆ ಅವನ್ನೇ ಉಳಿಸಿಕೊಂಡು ಚೌಕ ತುದಿಯ ಆಕ್ಸಲ್ ಮಾತ್ರ ಹಾಕಿ. ಹೊಸ ಕಾಲು ಇಂಚಿನ ಗುಂಡು ಬದಿಗೆ 11. ಗುಂಡು ಓಡುವ ಎರಡು ಜಾಗಗಳ ನಡುವಿನ ಅಂತರ ಹಳೇ ಆಕ್ಸಲ್ಲಿಗೆ ಹೊಂದಬೇಕು. ನನಗೆ ಇದೇ ಇಷ್ಟ, ಯಾಕೆಂದರೆ ಫ್ರೇಮಿಗೆ ಏನೂ ಆಗುವುದಿಲ್ಲ. ಕಪ್ ಹಾಳಾಗಿದ್ದರೆ ತ್ರೆಡ್ ಬೇಡದ ಬಿ.ಬಿ. ಇದೆ. ಅದರ ಎರಡು ಅರ್ಧಗಳು ಶೆಲ್ಲಿನ ಒಳಗೆ ಒಂದಕ್ಕೊಂದು ಬಿಗಿದುಕೊಂಡು ಶೆಲ್ಲನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ನಿಮ್ಮ ಶೆಲ್ಲಿನ ಅಗಲಕ್ಕೆ ಹೊಂದುತ್ತದಾ ಎಂದು ಕೇಳಿಯೇ ಕೊಳ್ಳಿ.

ಹೊರಗೆ ಬೇರಿಂಗ್ ಇರುವ, 24 ಮಿ.ಮೀ. ಆಕ್ಸಲ್ಲಿನ ಹೊಸ ಸೆಟ್ಟುಗಳೂ ಬ್ರಿಟಿಷ್ ತ್ರೆಡ್ಡಿಗೆ ಕೂರುತ್ತವೆ. ಆದರೆ ಶೆಲ್ಲಿನ ಎರಡು ಮುಖಗಳೂ ಸರಿಯಾಗಿ ಸಮಾನಾಂತರ ಇರಬೇಕು. ಹಳೇ ಫ್ರೇಮಿನಲ್ಲಿ ಹಾಗಿಲ್ಲದಿದ್ದರೆ ಯಂತ್ರದಲ್ಲಿ ಹೆರೆಸಬೇಕಾಗುತ್ತದೆ. ನಾನು ಒಪ್ಪುವುದಿಲ್ಲ.

ಆಕ್ಸಲ್ ಎಷ್ಟು ಉದ್ದ?

ಜಾಸ್ತಿ ಜನ ತಪ್ಪುವುದು ಇಲ್ಲಿ. ಮುಂದಿನ ಚೈನ್ ವೀಲೂ ಹಿಂದಿನ ಫ್ರೀವೀಲೂ ಒಂದೇ ಗೆರೆಯಲ್ಲಿರಬೇಕು. ಹಿಂದಿನ ಚಕ್ರ ಕೂರುವ ಜಾಗದ ಒಳ ಅಗಲ 110 ಮಿ.ಮೀ. ಅಂದುಕೊಳ್ಳಿ. ಅರ್ಧ 55. ಬಲಗಡೆಯ ಒಳ ಅಂಚಿನಿಂದ ಫ್ರೀವೀಲಿನ ಹಲ್ಲಿನ ನಡುವಿಗೆ 13 ಇದ್ದರೆ, 55ರಲ್ಲಿ 13 ಕಳೆದು 42. ಮುಂದೆಯೂ ಸೀಟ್ ಟ್ಯೂಬಿನ ನಡುವಿನಿಂದ ಚೈನ್ ವೀಲಿನ ಹಲ್ಲಿಗೆ 42 ಬರಬೇಕು. ನೀವು ತಂದ ಕ್ರ್ಯಾಂಕ್ 113ರ ಆಕ್ಸಲ್ಲಿನಲ್ಲಿ 44 ಕೊಡುತ್ತದೆ ಎಂದಿಟ್ಟುಕೊಳ್ಳಿ. 2 ಮಿ.ಮೀ. ಒಳಗೆ ತರಲು ಆಕ್ಸಲ್ 4 ಮಿ.ಮೀ. ಗಿಡ್ಡ ಬೇಕು, ಉದ್ದ ಎರಡೂ ಬದಿಗೆ ಹಂಚಿಹೋಗುತ್ತದಲ್ವಾ. ಹತ್ತಿರದ ಅಳತೆ 110. ಅರ್ಧ ಮಿ.ಮೀ. ಹೆಚ್ಚುಕಮ್ಮಿ ನಡೆಯುತ್ತದೆ.

ಚೌಕ ತುದಿಯಲ್ಲೂ ಜೆ.ಐ.ಎಸ್. (ಜಪಾನಿನ ಮಾನಕ), ಐ.ಎಸ್.ಒ. (ಅಂತರರಾಷ್ಟ್ರೀಯ ಮಾನಕ) ಎಂಬ ಎರಡು ಬಗೆ. ಐ.ಎಸ್.ಒ. ಕ್ರ್ಯಾಂಕನ್ನು ಜೆ.ಐ.ಎಸ್. ಆಕ್ಸಲ್ಲಿಗೆ ಹಾಕಿದರೆ ಸುಮಾರು 4 ಮಿ.ಮೀ. ಹೊರಗೇ ನಿಲ್ಲುತ್ತದೆ, ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಎರಡೂ ಒಂದೇ ಬಗೆ ಇರಲಿ.

ಜೋಡಿಸುವುದು

ಶೆಲ್ಲಿನ ತ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆಯಿಂದ ತೊಳೆದು ಗ್ರೀಸ್ ಹಚ್ಚಿ. ಕಾರ್ಟ್ರಿಜ್ಜನ್ನು ಮೊದಲು ಬರಿಗೈಯಲ್ಲೇ ಮೂರು ಸುತ್ತು ತಿರುಗಿಸಿ. ಕೈಯಲ್ಲಿ ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ, ಮತ್ತೆ ಅಳತೆ ನೋಡಿ. ಬಿಗಿ 50ರಿಂದ 70 ನ್ಯೂಟನ್ ಮೀಟರ್. ಕ್ರ್ಯಾಂಕ್ ಬೋಲ್ಟಿಗೆ 35ರಿಂದ 50. ಎರಡು ಮೂರು ಸವಾರಿಯ ನಂತರ ಬೋಲ್ಟ್ ಒಮ್ಮೆ ನೋಡಿ. ಸಡಿಲ ಬಿಟ್ಟು ಓಡಿಸಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ಸವೆಯುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಚೈನ್ ಹಾಕುವ ಮೊದಲು ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಚೈನ್ ಕವರಿಗೂ ಸ್ಟ್ಯಾಂಡಿಗೂ ತಾಗುತ್ತದಾ ನೋಡಿ. ಎಡ ಪೆಡಲಿಗೂ ಉಲ್ಟಾ ತ್ರೆಡ್, ಮರೆಯಬೇಡಿ. ತೆಳು ಹಲ್ಲಿನ ಹೊಸ ಚೈನ್ ವೀಲಿಗೆ ಹಳೇ ಅಗಲದ ಚೈನ್ ನಡೆಯುತ್ತದೆ. ದಪ್ಪ ಹಲ್ಲಿಗೆ ತೆಳು ಚೈನ್ ಕೂರುವುದಿಲ್ಲ.

ತೆಗೆದ ಕಪ್, ಆಕ್ಸಲ್, ಕ್ರ್ಯಾಂಕನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಡಿ. ಶೆಲ್ಲಿನ ಅಗಲ, ತ್ರೆಡ್, ಆಕ್ಸಲ್ಲಿನ ಉದ್ದ ಬರೆದ ಚೀಟಿಯೂ ಜೊತೆಗಿರಲಿ. ನಾಳೆ ಮಗನೋ ಮಗಳೋ ಸೈಕಲ್ಲನ್ನು ಮೊದಲಿನಂತೆ ಮಾಡಬೇಕೆಂದರೆ ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.