ಅಟ್ಟದ ಮೇಲಿನ ಪಲ್ಟಣದ ಕೋವಿ: ಗುರುತು ಹಿಡಿಯುವುದು, ಕಾಗದ ನೋಡುವುದು, ಮಳೆಗಾಲ ದಾಟಿಸುವುದು

ಕಾಸರಗೋಡಿನ ಹಳೆ ತರವಾಡು ಮನೆಗಳಲ್ಲಿ ಉಳಿದಿರುವ ಕೋವಿ ಸಾಮಾನ್ಯವಾಗಿ ಹಂದಿ ಓಡಿಸಲು ಇಟ್ಟ ಕೇಪಿನ ಕೋವಿ, ಅಂದರೆ ಸಿಡಿಯುವ ಸಣ್ಣ ಟೋಪಿಯಿಂದ ಮದ್ದಿಗೆ ಕಿಡಿ ತಾಗಿಸುವಂಥದ್ದು. ಅಪರೂಪಕ್ಕೆ ಅದರ ಪಕ್ಕದಲ್ಲೇ ಸೈನ್ಯದ ಮುದ್ರೆ ಹೊತ್ತ ರೈಫಲ್ ಇರುತ್ತದೆ. ಸಂಗ್ರಹದ ಆಸೆಯಿಂದ ಅದನ್ನು ಉಜ್ಜಲು ಕೂರುವ ಮೊದಲು ಎರಡು ವಿಷಯ ನೋಡಬೇಕು: ಒಳಗೆ ಮದ್ದು ಇದೆಯೇ, ಜೊತೆಗೆ ಕಾಗದ ಇದೆಯೇ.

ಬಾಯಿಂದ ಮದ್ದು ತುಂಬುವ ಕೋವಿಯನ್ನು ಜಡಿದು ಹಾಗೆಯೇ ಒರಗಿಸಿ ಮರೆತದ್ದುಂಟು. ಒಣಗಿರುವ ಕರಿಮದ್ದು ನೂರು ವರ್ಷ ಕಳೆದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ನೀವು ಬದಿಯಲ್ಲಿ ನಿಂತು, ತೆಳ್ಳಗಿನ ಮರದ ಕೋಲನ್ನು ಮೆಲ್ಲಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ, ಹೊರಗೆಳೆದು, ನಳಿಗೆಯ ಹೊರಮೈಗೆ ಸರಿಹೊಂದಿಸಿ ನೋಡಿ. ಕೋಲಿನ ತುದಿ ಕೇಪು ಕೂರಿಸುವ ಮೊಳೆಯ ಬುಡದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತರೆ ಅದು ಕುಂಬಾರ ಹುಳದ ಮಣ್ಣೂ ಇರಬಹುದು, ಆದರೆ ಮದ್ದೆಂದೇ ಎಣಿಸಬೇಕು. ಗಜ (ಮದ್ದು ಜಡಿಯುವ ಸರಳು) ಹಾಕಿ ಕುಟ್ಟುವುದು, ಕೊರೆಯುವುದು, ಬಿಸಿ ಮಾಡುವುದು ಬೇಡ. ಠಾಣೆಗೆ ತಿಳಿಸಿ, ಪರವಾನಗಿ ಇರುವ ಕೋವಿ ರಿಪೇರಿಯವರನ್ನು ಕರೆಸಿ.

ಇನ್ನು ಕಾನೂನು. ಕೊಡಗಿನವರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ನಂಬಿ ಈ ಕಡೆ ಕೋವಿ ತರುವವರಿದ್ದಾರೆ. ಅದು ಕಾಸರಗೋಡಿನಲ್ಲಿ ನಡೆಯುವುದಿಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು, ಅಜ್ಜನಿಂದ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಲೀ ಎನ್‌ಫೀಲ್ಡ್, ಅಂದರೆ ತ್ರೀ ನಾಟ್ ತ್ರೀ, ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಗಲ). ಪೊಲೀಸ್ ಕಾವಲಿಗೆಂದು ಅದನ್ನೇ ಮಾರ್ಪಡಿಸಿದ .410 ಮಸ್ಕೆಟ್ ಕೂಡ ಹಾಗೆಯೇ. ಅನುಮತಿ ಇಲ್ಲದೆ ಇಂಥದ್ದು ಮನೆಯಲ್ಲಿದ್ದರೆ ಶಿಕ್ಷೆ 7ರಿಂದ 14 ವರ್ಷ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ಕೋವಿಯನ್ನು ತಡಮಾಡದೆ ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ, ರಸೀದಿ ಪಡೆದು, ಆಮೇಲೆ ವಾರಸುದಾರಿಕೆಯ ಅರ್ಜಿ ಹಾಕಬೇಕು.

1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಪುರಾತನ ಕೋವಿಗೆ ರಿಯಾಯಿತಿ ಕೊಡುತ್ತದೆ ನಿಜ. ಆದರೆ ಅಲ್ಲಿನ ಷರತ್ತು ಬಿಗಿ: ರಿಪೇರಿ ಮಾಡಿದರೂ ಹಾರಿಸಲು ಆಗದಂತಿರಬೇಕು. ಪಿನ್ ಕಳೆದುಹೋಗಿದೆ, ಕುದುರೆ ಮುರಿದಿದೆ ಎಂಬುದು ಸಾಲದು, ಅವೆರಡನ್ನೂ ಹೊಸದಾಗಿ ಕೂರಿಸಬಹುದು. ಹಾಗೆಂದು ನೀವೇ ವೆಲ್ಡಿಂಗ್ ಮಾಡಿಸಿದರೆ ಕೋವಿಯ ಬೆಲೆಯೂ ಹೋಗುತ್ತದೆ, ಬೇರೆ ಕೇಸೂ ಬೀಳಬಹುದು. ವಿದ್ಯಾನಗರದ ಕಲೆಕ್ಟರೇಟಿನಿಂದ ಲಿಖಿತವಾಗಿ ಉತ್ತರ ಪಡೆಯುವುದೇ ದಾರಿ. ಲೈಸೆನ್ಸ್ ಇದ್ದವರೂ ಅದರ ವ್ಯಾಪ್ತಿ ನೋಡಿಕೊಳ್ಳಿ: ಕೇರಳಕ್ಕೆ ಮಾತ್ರ ಎಂದಿದ್ದರೆ ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಒಯ್ಯುವ ಹಾಗಿಲ್ಲ.

ಹಳೆ ಕಾಗದ ಹುಡುಕುವಾಗ ಇಸವಿ ಮುಖ್ಯ. 1956ರ ನವೆಂಬರ್‌ಗಿಂತ ಮೊದಲಿನ ಲೈಸೆನ್ಸ್ ದಕ್ಷಿಣ ಕನ್ನಡ ಜಿಲ್ಲೆಯದ್ದು, ಕಚೇರಿ ಮಂಗಳೂರು. 1957ರಿಂದ ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ರಸೀದಿಗಳನ್ನೂ ಎಸೆಯಬೇಡಿ. ಅದರಲ್ಲಿ ಬರೆದ ನಂಬ್ರ ಕೋವಿಯ ಮೇಲಿನದ್ದಕ್ಕೆ ಹೊಂದಿದರೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಗುರುತು ಹಿಡಿಯಲು ಟೇಪು, ಕ್ಯಾಲಿಪರ್, ಟಾರ್ಚ್ ಸಾಕು. ಬಾಯಿಂದ ಮದ್ದು ತುಂಬುವ 1853ರ ಮಾದರಿಯ ಎನ್‌ಫೀಲ್ಡ್‌ಗೆ ನಳಿಗೆ 39 ಇಂಚು, ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿ, ಬೋರ್ .577 ಇಂಚು, ಅಂದರೆ 14.7 ಮಿಲಿಮೀಟರ್, ಒಳಗೆ ಗುಂಡನ್ನು ತಿರುಗಿಸುವ ಮೂರು ಸುರುಳಿ ಗೆರೆ. ಅದೇ ರೂಪದ ಕೋವಿಯಲ್ಲಿ ಬೋರ್ 16.7 ಮಿಲಿಮೀಟರ್ ಬಂದು, ಒಳಮೈ ನುಣ್ಣಗಿದ್ದು, ಹಿಂದಿನ ಗುರಿಕಟ್ಟು ಮೇಲೆ ಕೆಳಗೆ ಆಡದಿದ್ದರೆ ನಿಧಾನಿಸಿ. 1857ರ ದಂಗೆಯ ನಂತರ ದೇಶಿ ಸಿಪಾಯಿಗಳ ಕೈಗೆ ದೂರ ಹೊಡೆಯುವ ರೈಫಲ್ ಬೇಡವೆಂದು ಬ್ರಿಟಿಷರು ಮಾಡಿಸಿದ .656 ಇಂಚು ಬೋರಿನ ಮಾದರಿ ಇದು. ಗೆರೆ ಸವೆದು ಹೋಗಿದೆ ಎಂದು ಗುಜರಿ ಬೆಲೆಗೆ ಕೊಡುವುದು ಇದನ್ನೇ. ನಳಿಗೆ 39 ಇಂಚಿಗಿಂತ ಕಡಿಮೆ ಇದ್ದು ಬಾಯಿಯ ಅಂಚು ಓರೆಯಾಗಿದ್ದರೆ ಬೇಟೆಗೆಂದು ಕತ್ತರಿಸಿದ್ದಾರೆ ಎಂದರ್ಥ. ನಳಿಗೆಯ ಹಿಂಭಾಗದ ಮುಚ್ಚಳ ಬಲಕ್ಕೆ ತೆರೆದುಕೊಂಡರೆ ಸ್ನೈಡರ್ ರೈಫಲ್. ಕೆಳಗಿನ ಹಿಡಿ ಎಳೆದಾಗ ಮೇಲ್ಭಾಗ ತಗ್ಗಿದರೆ ಮಾರ್ಟಿನಿ ರೈಫಲ್. ಅದು ಸೈನ್ಯಕ್ಕೆ ಬಂದದ್ದು 1871ರಲ್ಲಿ, ಒಳಗೆ ಏಳು ಗೆರೆ.

ಮುದ್ರೆಗಳಲ್ಲಿ ಕಿರೀಟ ಹಿಡಿದ ಸಿಂಹ ಈಸ್ಟ್ ಇಂಡಿಯಾ ಕಂಪನಿಯದ್ದು. ಆರ್‌ಎಫ್‌ಐ ಎಂದರೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. ಎರಡು ಬಾಣ ಮೂತಿಗೆ ಮೂತಿ ತಾಗಿಸಿದಂತಿದ್ದರೆ ಸೈನ್ಯ ಅದನ್ನು ಮಾರಿ ಕೈಬಿಟ್ಟಿದೆ. ಕಿರೀಟದ ಕೆಳಗೆ ವಿ ಆರ್ ಎಂದು ಕೊರೆದು ಪಕ್ಕದಲ್ಲಿ 1907 ಎಂದಿದ್ದರೆ ನಕಲಿ, ವಿಕ್ಟೋರಿಯಾ ರಾಣಿ ತೀರಿದ್ದು 1901ರಲ್ಲಿ. ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಡೆಯ ನಕಲುಗಳಲ್ಲಿ ಎನ್ ಅಕ್ಷರ ತಿರುವುಮುರುವಾಗಿರುವುದೂ ಉಂಟು. ಅಸಲಿಯ ರೂಪ ಕಣ್ಣಿಗೆ ಕೂರಬೇಕೆಂದರೆ ಸುಳ್ಯದ ದಾರಿಯಾಗಿ ಮಡಿಕೇರಿಗೆ ಹೋಗಿ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಿ ಬನ್ನಿ.

ನಮ್ಮಲ್ಲಿ ಕೋವಿ ಕೆಡುವುದು ಮುಟ್ಟದೆ ಬಿಟ್ಟದ್ದರಿಂದ ಮಾತ್ರವಲ್ಲ, ಅತಿಯಾಗಿ ಉಜ್ಜಿದ್ದರಿಂದಲೂ. ಕಂದು ಪದರ ವಯಸ್ಸಿನ ಬಣ್ಣ, ಅದು ಇರಲಿ. ಬೆರಳಿಗೆ ಹತ್ತುವ ಕೆಂಪು ಹುಡಿ ಮಾತ್ರ ತುಕ್ಕು. ಮೊದಲು ಸೀಮೆಎಣ್ಣೆ ಸವರಿ ಹಳೆ ಜಿಡ್ಡು ಬಿಡಿಸಿ, ಆಮೇಲೆ ಮೆಷಿನ್ ಎಣ್ಣೆಯಲ್ಲಿ ಅದ್ದಿದ ನಾಲ್ಕು ಸೊನ್ನೆ ನಂಬ್ರದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ, ಹುಡಿ ಹೋದ ಕೂಡಲೇ ನಿಲ್ಲಿಸಿ. ಮರಳು ಕಾಗದ ತಾಗಿಸಿದರೆ ಮುದ್ರೆ ಮಾಸುತ್ತದೆ, ಮುದ್ರೆ ಮಾಸಿದ ಕೋವಿಗೆ ಅರ್ಧ ಬೆಲೆಯೂ ಬಾರದು. ತೆಂಗಿನೆಣ್ಣೆ ಬೇಡವೇ ಬೇಡ: ಕನರಿ, ಹುಳಿಯಾಗಿ, ಅಂಟಾಗುತ್ತದೆ. ಕೊನೆಗೆ ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ ಕೊಡಿ, ಕೈಬೆವರಿನ ಉಪ್ಪು ಒಳಗಿಳಿಯುವುದಿಲ್ಲ.

ಮರಕ್ಕೆ ವಾರ್ನಿಶ್ ಹಚ್ಚಬಾರದು. ಅಗಸೆ ಎಣ್ಣೆಯ ನಾಲ್ಕಾರು ಹನಿ ಅಂಗೈಯಲ್ಲಿ ತಿಕ್ಕಿ, ಉಳಿದದ್ದನ್ನು ಒರೆಸಿ, ಎರಡು ದಿನ ಆರಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬೆಂಕಿ ಹಿಡಿಯಬಹುದು. ನೀರಲ್ಲಿ ನೆನೆಸಿ ಹರಡಿ ಹಾಕಿ.

ಆಟಿಯ ಮಳೆಯಲ್ಲಿ ಕೆಂಪುಕಲ್ಲಿನ ಗೋಡೆ ನೀರು ಹೀರುತ್ತದೆ, ಕಪಾಟನ್ನು ಅದರಿಂದ ಒಂದು ಗೇಣು ದೂರ ಇಡಿ; ಗೆದ್ದಲೂ ಕಣ್ಣಿಗೆ ಬೀಳುತ್ತದೆ. ಒಳಗಿನ ತೇವ ಶೇಕಡಾ 45ರಿಂದ 55ರ ನಡುವೆ ಇರಲಿ, ಅಳೆಯಲು ಸಣ್ಣ ಹೈಗ್ರೋಮೀಟರ್ ಇಡಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಅದರ ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ತಾಸು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಹಿಂದಕ್ಕೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ. ಚರ್ಮದ ಪಟ್ಟಿಯನ್ನು ಕಳಚಿ ಬೇರೆಯೇ ಇಡಿ; ಹಿತ್ತಾಳೆಗೆ ತಾಗಿದಲ್ಲೆಲ್ಲ ಹಸಿರು ಕಿಲುಬು ಏಳುತ್ತದೆ.