ಬಾಯಿ ಕ್ಯಾನ್ಸರ್ ರೇಡಿಯೋಥೆರಪಿ: ಹಳೆ ಸ್ಕ್ಯಾನಿಗೊಂದು ಕೆಲಸ, ಹೊಸದಕ್ಕೊಂದು

ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಹಾಸನಕ್ಕೆ, ನಮ್ಮಲ್ಲಿಗೆ ರೇಡಿಯೋಥೆರಪಿಗೆ (ಕಿರಣ ಚಿಕಿತ್ಸೆಗೆ) ಬರುವವರಲ್ಲಿ ಎಲೆಅಡಿಕೆ, ಕಡ್ಡಿಪುಡಿ ಹಾಕಿ ಕೆನ್ನೆಯ ಒಳಗೆ ಕ್ಯಾನ್ಸರ್ ಆದವರಿದ್ದಾರೆ. ಕೈಯಲ್ಲಿ ಸಿಟಿ ಫಿಲ್ಮ್ ಇರುತ್ತದೆ. ‘ಸ್ಕ್ಯಾನ್ ಆಗಿದೆಯಲ್ಲ ಸಾರ್, ಇನ್ನೊಂದು ಯಾಕೆ?’ ಎಂದು ಮನೆಯವರು ಕೇಳುವುದು ನ್ಯಾಯವೇ. ಆ ಸ್ಕ್ಯಾನಿನಲ್ಲಿ ಟೇಬಲ್ ಬಾಗಿದ್ದು, ದಿಂಬು ಬೇರೆ, ಗದ್ದ ಎತ್ತಿದ ರೀತಿಯೂ ಬೇರೆ. ಕಿರಣ ಕೊಡುವ ಭಂಗಿಯಲ್ಲೇ, ಚಪ್ಪಟೆ ಟೇಬಲ್ ಮೇಲೆ ತೆಗೆದ ಚಿತ್ರದ ಮೇಲೆ ಮಾತ್ರ ಕಿರಣ ಎಲ್ಲಿಗೆ, ಎಷ್ಟು ಎಂಬ ಪ್ಲಾನ್ ಮಾಡಬಹುದು.

ಹಾಗೆಂದು ಹಳೆಯದನ್ನು ಬಿಸಾಡಬೇಡಿ. ಆಪರೇಷನ್ ಆದಮೇಲೆ ಗಡ್ಡೆ ಉಳಿದಿರುವುದಿಲ್ಲ. ಅದು ಎಲ್ಲಿತ್ತು ಎಂಬುದಕ್ಕೆ ಆಪರೇಷನ್‌ಗೆ ಮೊದಲಿನ ಸ್ಕ್ಯಾನೇ ಸಾಕ್ಷಿ. ಫಿಲ್ಮ್ ಸಾಲದು, ಡೈಕಾಮ್ (ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲ್) ಚಿತ್ರಗಳಿರುವ ಸಿಡಿ ಬೇಕು.

ಹಲ್ಲು ಕೀಳಿಸುವುದು, ಗಡ್ಡ ಬೋಳಿಸುವುದು ತಲೆ ಅಲುಗದಂತೆ ಹಿಡಿಯುವ ಮಾಸ್ಕ್‌ಗೆ ಮೊದಲೇ ಮುಗಿಯಬೇಕು. ಓಲೆ, ಮೂಗುತಿ, ಸರ ತೆಗೆಸುತ್ತೇವೆ. ತಾಳಿ ಬಿಚ್ಚಲು ಹಿಂಜರಿಯುವವರಿಗೆ ಅರಿಶಿನದ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ ಎನ್ನುತ್ತೇವೆ.

ಮಾಸ್ಕ್ ಮಾಡುವ ಥರ್ಮೋಪ್ಲಾಸ್ಟಿಕ್ ಹಾಳೆ 65–70 ಡಿಗ್ರಿ ನೀರಿನಲ್ಲಿ ಮೆತ್ತಗಾಗುತ್ತದೆ. ನೀರು ಒರೆಸಿ, ಬಿಸಿ ನೋಡಿ, ಎರಡು ಮೂರು ನಿಮಿಷದೊಳಗೆ ಮೂಗಿನ ಸೇತುವೆ, ಗದ್ದ, ಭುಜಕ್ಕೆ ಒತ್ತಿ ಕೂರಿಸಬೇಕು. ಆರುವಾಗ ಹಾಳೆ ಕುಗ್ಗುತ್ತದೆ. ಅವಸರದಲ್ಲಿ ಬೇಗ ಬಿಚ್ಚಿದರೆ ಮರುದಿನ ಮುಖಕ್ಕೆ ಬಿಗಿಯುತ್ತದೆ. ಹಾಗಾಗಿ ಹತ್ತು ನಿಮಿಷವಾದರೂ ಬಿಡಿ. ಲೇಸರ್ ಗೆರೆಗಳು ಕೂಡುವಲ್ಲಿ, ಮುಂದೆ ಒಂದು, ಎಡಬಲಕ್ಕೆ ಒಂದೊಂದು, ಸ್ಕ್ಯಾನಿನಲ್ಲಿ ಗುರುತಿಗೆಂದು ಸೀಸದ ಗುಂಡು ಅಂಟಿಸುತ್ತೇವೆ.

ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಸರಿಯಿದ್ದರೆ ಕಾಂಟ್ರಾಸ್ಟ್ ಔಷಧಿ ಕೊಟ್ಟು, ನೆತ್ತಿಯಿಂದ ಎದೆಯ ಮೇಲ್ಭಾಗದವರೆಗೆ 3 ಮಿಮೀ ಸ್ಲೈಸ್‌ಗಳಲ್ಲಿ (ಪದರಗಳಲ್ಲಿ) ಹೊಸ ಸ್ಕ್ಯಾನ್.

ಹಳೆಯ, ಹೊಸ ಸ್ಕ್ಯಾನುಗಳ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವಾಗ ಸಾಫ್ಟ್‌ವೇರ್ ಇಡೀ ಕತ್ತನ್ನು ಕೂಡಿಸಲು ಹೋಗುತ್ತದೆ. ಕತ್ತಿನ ಬಾಗು ಎರಡರಲ್ಲೂ ಬೇರೆಯಾದ್ದರಿಂದ ದವಡೆ ಜಾರುತ್ತದೆ. ಮೇಲ್ದವಡೆ ಮತ್ತು ತಲೆಬುರುಡೆಯ ತಳಕ್ಕೆ ಮಾತ್ರ ಚೌಕ ಹಾಕಿ ಹೊಂದಿಸಿ, ಮೂಳೆಯ ಅಂಚು ಕಣ್ಣಾರೆ ನೋಡಿ. ಕೆಳದವಡೆ ತನ್ನಷ್ಟಕ್ಕೆ ಅಲ್ಲಾಡುವ ಮೂಳೆ, ಅದರಲ್ಲೂ ಅರ್ಧ ಕತ್ತರಿಸಿದ್ದರೆ ಹೊಂದಾಣಿಕೆಯನ್ನು ನಂಬಲೇಬೇಡಿ; ಪೆಥಾಲಜಿ ರಿಪೋರ್ಟ್, ಆಪರೇಷನ್ ಟಿಪ್ಪಣಿ, ಸರ್ಜನ್ ಒಳಗೆ ಬಿಟ್ಟ ಕ್ಲಿಪ್‌ಗಳನ್ನು ಪಕ್ಕದಲ್ಲಿಟ್ಟುಕೊಂಡು ಗಡ್ಡೆಯಿದ್ದ ಜಾಗ ಬರೆಯಿರಿ. ಮೃದು ಭಾಗಕ್ಕೆ ವಿಂಡೋ (ಪರದೆಯ ಮೇಲೆ ಕಪ್ಪುಬಿಳುಪು ಛಾಯೆಯ ಹೊಂದಿಕೆ) ಅಗಲ 350–400, ಮಟ್ಟ 40. ಮೂಳೆಗೆ ಬೇರೆ ವಿಂಡೋ. ಬೆಳ್ಳಿ ತುಂಬಿದ ಹಲ್ಲಿನಿಂದ ಗೆರೆಗಳೆದ್ದ ಸ್ಲೈಸ್‌ಗಳಲ್ಲಿ ಎಂಆರ್‌ಐ ಇದ್ದರೆ ಬಹಳ ಉಪಕಾರ. ಆ ಗೆರೆಗಳ ಸಾಂದ್ರತೆಯನ್ನು ನೀರಿನದಕ್ಕೆ ತಿದ್ದದಿದ್ದರೆ ಡೋಸ್ ಲೆಕ್ಕವೇ ತಪ್ಪುತ್ತದೆ.

ಗಡ್ಡೆಯಿದ್ದ ಜಾಗದ ಸುತ್ತ ಸುಮಾರು 10 ಮಿಮೀ ಸೇರಿಸಿ, ಗಾಳಿಯನ್ನೂ ರೋಗ ಮುಟ್ಟದ ಮೂಳೆಯನ್ನೂ ಕಳೆದರೆ ಸಿಟಿವಿ (ರೋಗದ ಕಣಗಳು ಇರಬಹುದಾದ ಜಾಗ). ಅದಕ್ಕೆ ಮತ್ತೆ 3–5 ಮಿಮೀ ಕೊಟ್ಟರೆ ಪಿಟಿವಿ (ಪ್ಲಾನ್ ಮಾಡುವ ಜಾಗ). ಇದು ದಿನನಿತ್ಯ ಮಲಗಿಸುವಾಗಿನ ವ್ಯತ್ಯಾಸಕ್ಕೆ, ಗಡ್ಡೆ ಸರಿಯಾಗಿ ಗುರುತಿಸದ್ದಕ್ಕಲ್ಲ.

30 ಸಿಟ್ಟಿಂಗ್‌ಗಳಲ್ಲಿ 60 ಗ್ರೇ (ಕಿರಣದ ಡೋಸಿನ ಅಳತೆ) ಕೊಡುವ ಹೊತ್ತಿಗೆ ಬಾಯಿ ಹುಣ್ಣಾಗಿ ಊಟ ಸೇರದೆ ತೂಕ ಇಳಿಯುತ್ತದೆ. ಕೆನ್ನೆಗೂ ಮಾಸ್ಕಿಗೂ ನಡುವೆ ಬೆರಳು ಆಡುವಂತಾದರೆ ಒಳಗೆ ಬಟ್ಟೆ ತುರುಕಬೇಡಿ. ಹೊಸ ಮಾಸ್ಕ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿ, ಹಳೆಯ ಪ್ಲಾನನ್ನು ಅದರ ಮೇಲೆ ಲೆಕ್ಕ ಹಾಕಿ ನೋಡಿ. ಬೆನ್ನುಹುರಿಯ ಡೋಸ್ 45 ಗ್ರೇ ದಾಟುವಂತಿದ್ದರೆ ಪ್ಲಾನ್ ಹೊಸದಾಗಿ ಮಾಡಬೇಕು.